ಉಪ್ಪಿನ ಮಡು

ನಮ್ಮೂರ ಕೆಳಗೆ ಹೊಳೆ ಮೊಣಕೈ ಮಡಚುವಲ್ಲಿ
ಒಂದು ಮಡು. ಉಪ್ಪಿನ ಮಡು.
ನೀರು ಮಾತ್ರ ಸಪ್ಪೆ;
ಮೂರು ಸಲ ಕುಡಿದು ನೋಡಿದ್ದೇನೆ.

ಅಂಬಿಗರ ದುರುಗಪ್ಪನನ್ನು ಕೇಳಿದೆ.
ಹರಗೋಲಿನ ತಳಕ್ಕೆ ಡಾಂಬರು ಬಳಿಯುತ್ತ ಹೇಳಿದ:
ಆಗ ಈ ದಂಡೆ ನಿಜಾಮನದು, ಆ ದಂಡೆ ಮದರಾಸಿನದು,
ನಡುವಿನ ನೀರು ನಮ್ಮಪ್ಪನದು.
ಅಮಾಸಿ ರಾತ್ರಿ ಏಳು ಚೀಲ ಉಪ್ಪು ದಾಟಿಸುವಾಗ
ಕರೋಡಗಿರಿ ನಾಕಾದವರು ಕಂದೀಲು ಎತ್ತಿದರು.
ಅಪ್ಪ ಕೆಮ್ಮಲೂ ಇಲ್ಲ. ಒಂದೊಂದೇ ಚೀಲ ನೀರಿಗೆ ಬಿಟ್ಟ,
ಮಲಗಿದ ಕೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ.
"ಆ ವರ್ಷ ಮೀನಿನ ಸಾರಿಗೆ ಯಾರೂ ಉಪ್ಪು ಹಾಕಲಿಲ್ಲ ನೋಡ್ರಿ!"
ಹೋದ ಸಲ ಹೇಳಿದಾಗ ಚೀಲ ಐದಿದ್ದವು.

ನಮ್ಮಜ್ಜಿ ಹೊನ್ನೂರವ್ವ ಇದನ್ನು ಒಪ್ಪುವುದಿಲ್ಲ.
ಸಿರುಗುಪ್ಪದ ಕಡೆಯ ಒಬ್ಬ ಹುಡುಗಿಯನ್ನು ಈ ದಂಡೆಗೆ ಕೊಟ್ಟಿದ್ದರಂತೆ.
ಮಡುವಿನಲ್ಲಿ ಹರಗೋಲು ಗಿರಗಿರ ತಿರುಗಿತಂತೆ.
ತವರೂ ಕಾಣಲಿಲ್ಲ, ಗಂಡನ ಊರೂ ಕಾಣಲಿಲ್ಲ,
ಅತ್ತಳಂತೆ ಅತ್ತಳಂತೆ.
ಯಾರವ್ವ ಆ ಹುಡುಗಿ, ಎಂದೆ.
"ನನಗೇನು ಗೊತ್ತು?"
ಮೊರದತ್ತ ತಿರುಗಿ, ಅಕ್ಕಿಯಲ್ಲಿ
ಇಲ್ಲದ ಕಲ್ಲು ಹುಡುಕತೊಡಗಿದಳು.

ಉಪ್ಪಾರ ತಿರಕವ್ವ ಕತೆ ಹೇಳಲಿಲ್ಲ.
ಕೋಲು ಊರಿ ಎದ್ದಳು. "ಬಾ."
ಮಡುವಿನ ಮೇಲೆ ಜಾಲಿ ಬೆಳೆದ ಒಂದು ದಿಬ್ಬ,
ಟಿಪ್ಪರಿನವರು ಹೋದ ವರ್ಷ ಅರ್ಧ ಕಡಿದು ಒಯ್ದದ್ದು.
ಕಡಿದ ಮೈಯಲ್ಲಿ ಪದರ ಪದರ ಬೂದುಮಣ್ಣು, ಗಡಿಗೆಯ ಚೂರು.
ಸವುಳು ಮಣ್ಣು ನೆನೆಹಾಕಿ, ನೀರು ಬಸಿದು,
ಗಚ್ಚಿನ ಹಾಸಿನ ಮೇಲೆ ಬಿಸಿಲಿಗೆ ಬಿಟ್ಟು
ಅವಳ ಹಿರಿಯರು ಉಪ್ಪು ತೆಗೆದದ್ದು ಇಲ್ಲೇ.
ಒಂದು ದಿನ ಸರಕಾರದವರು ಬಂದರು.
ಯಾವ ಸರಕಾರ ಆಯಿ?
"ಬೂಟಿನ ಸರಕಾರ."
ಗಡಿಗೆ ಒಡೆದರು. ನೆಲದ ಉಪ್ಪು ತೆಗೆಯುವುದು ಕಳವು ಎಂದರು.
ಮರುದಿನದಿಂದ ಉಪ್ಪಾರರು ಕಲ್ಲು ಹೊತ್ತರು,
ಊರವರ ಗೋಡೆ ಕಟ್ಟಿದರು,
ಹೆಸರೊಂದನ್ನು ಮಾತ್ರ ಕೆಳಗಿಡಲಿಲ್ಲ.

ಮರಳುವಾಗ ಭತ್ತದ ಗದ್ದೆಗಳ ಬದುವಿನ ಮೇಲೆ ಬಂದೆವು.
ಕಾಲುವೆ ಬಂದು ಅರವತ್ತು ವರ್ಷ.
ನೀರು ಕುಡಿಕುಡಿದು ನೆಲ ತಗ್ಗಿನಲ್ಲೆಲ್ಲ ಬೆಳ್ಳಗೆ ಒಡೆದಿದೆ;
ಜಿಪ್ಸಂ ಹಾಕಿರಿ ಎಂದು ಹೇಳಿಹೋಗಿದ್ದಾರೆ ಇಲಾಖೆಯವರು.
ತಿರಕವ್ವ ಬಾಗಿದಳು.
ಆ ಬಿಳುಪನ್ನು ಉಗುರಿನಿಂದ ಕೆರೆದು
ನಾಲಿಗೆಗಿಟ್ಟು ಕಣ್ಣು ಮುಚ್ಚಿದಳು.

"ಇನ್ನೂ ಒಂದು ಬಿಸಿಲು ಬೇಕು," ಎಂದಳು.