ಕಾಲೂರುವ ಜಾಗ

ಗುತ್ತಲು ರಸ್ತೆಯ ದಸ್ತಗೀರನ ಶೆಡ್ಡಿನಲ್ಲಿ
ರಟ್ಟಿನ ಪೆಟ್ಟಿಗೆ ಬಿಚ್ಚಿದಾಗ
ಅದು ಇಷ್ಟೇ ಇತ್ತು,
ಎಳೆಗರುವಿನ ತಲೆಯಷ್ಟು.
ಹೊಟ್ಟೆಗೆ ಸುತ್ತಿಕೊಂಡ ಉಕ್ಕಿನ ಹಗ್ಗ,
ತುದಿಗೊಂದು ಕೊಕ್ಕೆ,
ಹಿಂದೆ ಎರಡು ವೈರು, ಒಂದು ಕೆಂಪು, ಒಂದು ಕರಿ.

"ಇದು ಗಾಣದ ಉರುಳೆ ಎಳೀತದಾ?"
ಅಂದ ಸಣ್ಣಮಾದಯ್ಯ.
ಅಪ್ಪನ ಎತ್ತಿನ ಗಾಡಿ, ಆಮೇಲೆ ಮೆಟಡಾರು,
ಈಗ ನನ್ನ ಈ ಪಿಕಪ್ಪು,
ಭಾರವೆಲ್ಲ ಮೇಲೆ ಹತ್ತಿದ್ದು
ಅವನ ಎಡಭುಜ ತುಳಿದುಕೊಂಡೇ.
ಆ ಭುಜ ಈಗ ಬಲದ್ದಕ್ಕಿಂತ ಎರಡು ಬೆರಳು ಕೆಳಗೆ.
ಅಂಗಿ ಹೊಲಿಯುವ ಪಾಪಣ್ಣ
ಕೇಳದೆಯೇ ಅತ್ತ ಬಟ್ಟೆ ಹೆಚ್ಚು ಬಿಡುತ್ತಾನೆ.

ವಿಂಚು ಕೊಂಡದ್ದು ಅವನಿಗಾಗಿ ಎಂದರೆ ಸುಳ್ಳು.
ಆಳು ಸಿಗುವುದಿಲ್ಲ. ಸಿಕ್ಕರೆ ಒಂದು ಉರುಳೆಗೆ ನಾಲ್ಕು ಜನ,
ನಾಲ್ಕು ಕೂಲಿ, ಮೇಲೆ ಟೀ, ಬನ್ನು.
ಲೆಕ್ಕ ಹಾಕಿಯೇ ಕೊಂಡೆ.
ಅವನ ಭುಜ ಆ ಲೆಕ್ಕದ ಕೊನೆಗೆ
ಪೈಸೆಯ ಹಾಗೆ ಬಂತು.

ಮೊದಲ ದಿನ ನನಗೆ ಆತುರ.
ಕ್ಯಾಬಿನ್ನಿನ ಬೆನ್ನ ಹಿಂದೆ, ತೊಟ್ಟಿಯ ತಗಡಿಗೆ
ನಾಲ್ಕು ತೂತು, ನಾಲ್ಕು ಬೋಲ್ಟು.
ಮುಗೀತು, ಅಂದೆ.
ಮಾದಯ್ಯ ಗಾಡಿಯ ಕೆಳಗೆ ತೂರಿ
ತಗಡನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದ.
"ಎಳೆಯೋನ್ಗೆ ಕಾಲೂರಕ್ಕೆ ಜಾಗ ಬೇಕು ಕಣಪ್ಪ.
ಇವನ್ನ ಚಾಪೆ ಮ್ಯಾಲೆ ನಿಲ್ಸಿದ್ದೀಯಲ್ಲ."

ನಕ್ಕೆ.
ಮೂಲೆಯಲ್ಲಿದ್ದ ಹಳೇ ಎಂಜಿನ್ನಿಗೆ ಕೊಕ್ಕೆ ಸಿಗಿಸಿ
ಗುಂಡಿ ಒತ್ತಿದೆ.
ಹಗ್ಗ ಬಿಗಿಯಿತು. ಎಂಜಿನ್ನು ಕದಲಲಿಲ್ಲ.
ತಗಡು, ಕಾದ ಎಣ್ಣೆಗೆ ಬಿಟ್ಟ ಹಪ್ಪಳ,
ಬೋಲ್ಟುಗಳ ಸಮೇತ ಉಬ್ಬಿಕೊಂಡು ಎದ್ದಿತು.

ದಸ್ತಗೀರ್ ಏನೂ ಅನ್ನಲಿಲ್ಲ.
ಚಾಸಿಯ ಎರಡು ತೊಲೆಗೂ ಅಡ್ಡಲಾಗಿ
ಒಂದು ಸಿ-ಚಾನೆಲ್ಲು ಕೂರಿಸಿದ,
ಮೇಲೊಂದು ದಪ್ಪ ಪ್ಲೇಟು,
ತಗಡು ನಡುವೆ, ಬರೀ ಹೆಸರಿಗೆ.
ಬ್ಯಾಟರಿಯಿಂದ ಹೆಬ್ಬೆರಳು ಗಾತ್ರದ ಕೇಬಲ್ಲು,
ಉಜ್ಜದಿರಲೆಂದು ಅದಕ್ಕೆ ರಬ್ಬರ್ ಪೈಪಿನ ಅಂಗಿ,
ದಾರಿಯಲ್ಲೊಂದು ಫ್ಯೂಸು.
ಬೆಸುಗೆಯ ನೀಲಿ ಬೆಳಕಿಗೆ ಮುಖ ತಿರುಗಿಸಿ
ಮಾದಯ್ಯ ತನ್ನ ಹಿಮ್ಮಡಿಯನ್ನೇ ನೋಡುತ್ತಾ ನಿಂತಿದ್ದ.

ನಾಲೆ ಏರಿಯ ಜಾರುಮಣ್ಣು,
ಆಲೆಮನೆ ಅಂಗಳದ ಒದ್ದೆ ಸಿಪ್ಪೆ,
ಲೇತ್ ಅಂಗಡಿ ಬಾಗಿಲಿನ ಎಣ್ಣೆ ಜಿಡ್ಡು.
ಇಷ್ಟು ವರ್ಷ ಇವನನ್ನು
ಎಲ್ಲಿ ಯಾವ ಪ್ಲೇಟಿಗೆ ಬಿಗಿದಿದ್ದೆವು?
ಕೇಳಬೇಕೆನಿಸಿತು.
ಸ್ಪ್ಯಾನರ್ ಕೊಡು, ಅಂದೆ.

ಕೀಲಾರದ ಆಲೆಮನೆ. ಹಲ್ಲು ಸವೆದ ಉರುಳೆ.
ತೊಟ್ಟಿಗೆ ಒರಗಿಸಿದ ಎರಡು ಹಲಗೆ.
ಮಾದಯ್ಯನ ಕೊರಳಲ್ಲಿ ರಿಮೋಟು,
ಡ್ರಿಲ್ ಮೇಷ್ಟರ ಸೀಟಿಯ ಹಾಗೆ.
ಗುಂಡಿ ಒತ್ತುವ ಮೊದಲು
ಎಡಭುಜವನ್ನು ತುಸು ಮುಂದಕ್ಕೆ ತಂದ,
"ಐಸ್ಸಾ" ಅಂದ.
ಹೂಂಗುಟ್ಟಿತು ಅದು.
ಉರುಳೆ ಹತ್ತಿತು, ಇಂಚಿಂಚೇ,
ಗಬ್ಬದ ಎಮ್ಮೆ ಕೆರೆ ದಡ ಹತ್ತುವಂತೆ.
ಅರ್ಧದಲ್ಲಿ ಬೆರಳು ತೆಗೆದ. ನಿಂತಿತು, ಅಲ್ಲೇ.
ಅದು ಅಲ್ಲೇ ನಿಂತದ್ದನ್ನು
ಬಹಳ ಹೊತ್ತು ನೋಡಿದ.
ನಡುವೆ ಉಸಿರು ಬಿಡುವ ಸವಲತ್ತು
ಅವನ ಭುಜಕ್ಕೆಂದೂ ಇರಲಿಲ್ಲ.

ಆಲೆಮನೆಯವರು ಒಂದೊಂದು ಅಚ್ಚು ಬೆಲ್ಲ ಕೊಟ್ಟರು.
"ಇನ್ ನಿಂಗೇನ್ ಕೆಲ್ಸ ಮಾದಣ್ಣ?" ಅಂದನೊಬ್ಬ.
ಮಾದಯ್ಯ ಬೆಲ್ಲವನ್ನು
ಆ ದವಡೆಯಿಂದ ಈ ದವಡೆಗೆ ಸಾಗಿಸಿದ.

ಹೊರಡೋಣವೆಂದು ಕೀಲಿ ತಿರುಗಿಸಿದೆ.
ಟಕ್.
ಮತ್ತೆ, ಟಕ್.
ಡೀಸೆಲ್ ಉಳಿಸಲು ಎಂಜಿನ್ ಆರಿಸಿ ಎಳೆಸಿದ್ದೆ.
ಬ್ಯಾಟರಿ ಪೂರಾ ಆ ಉರುಳೆಯ ಹೊಟ್ಟೆಗೆ ಹೋಗಿತ್ತು.

ಯಾರೂ ನಗದಿದ್ದರೆ ಚೆನ್ನಿತ್ತು. ಎಲ್ಲರೂ ನಕ್ಕರು.
ಮಾದಯ್ಯ ರಿಮೋಟನ್ನು ಬೆನ್ನ ಕಡೆಗೆ ತಿರುಗಿಸಿಕೊಂಡ,
ಹಿಮ್ಮಡಿಯಿಂದ ಸಿಪ್ಪೆ ಸರಿಸಿ, ಕೆರೆದು,
ಕೆಳಗಿನ ಗಟ್ಟಿ ನೆಲ ಹುಡುಕಿಕೊಂಡ.
"ಗೇರ್ ಎರಡಕ್ಕೆ ಹಾಕ್ಲಾ, ಕ್ಲಚ್ ತುಳಿ!"
ಕನ್ನಡಿಯಲ್ಲಿ
ತಗ್ಗಿದ ಆ ಭುಜ ಮಾತ್ರ ಕಾಣುತ್ತಿತ್ತು,
ಗಾಡಿಯ ಹಿಂಬಾಗಿಲಿಗೆ ಸರಿಯಾಗಿ ಹೊಂದಿಕೊಂಡು.