ಹಿಂದೆಮುಂದೆ ನೋಡದೆ

ನಾವಿಕರ ಪಿಂಚಣಿ ನಿಧಿಯ ಹಳೆಯ ಕಡತ.
ಸಾವಿರದ ಮುನ್ನೂರ ನಲವತ್ತು ಹೆಸರು.
ಆಚೀಚೆ ಉದ್ಧರಣ ಚಿಹ್ನೆ, ನಡುವೆ ಅರ್ಧವಿರಾಮ,
ಅಲ್ಲಲ್ಲಿ ನೆಟ್ಟಗೆ ನಿಂತ ಒಂಟಿ ಗೆರೆ,
ಯಾವ ಕಾಲದ ಯಾವ ಯಂತ್ರ ಉಗುಳಿದ್ದೋ.
ದ್ವಾರ್ನನೇ ಬಂದರಿನ ಕಚೇರಿ; ಕಿಟಕಿಯಾಚೆ
ಸಾರ್ಡೀನ್ ಕಾರ್ಖಾನೆ,
ನನ್ನ ಕಾಫಿಗೂ ಅದರದೇ ವಾಸನೆ.

ಜಾವಾಸ್ಕ್ರಿಪ್ಟಿನಲ್ಲಿ ಒಂದು ಸಾಲು ಸಾಕು, ಅಂದೆ.
ಎರಡು ಓರೆಗೆರೆ, ನಡುವೆ ಒಂದು ಚುಕ್ಕಿ, ಕೊನೆಗೆ ಒಂದು ಜಿ.
ಅಲ್ಲಿ ಚುಕ್ಕಿ ಎಂದರೆ ಚುಕ್ಕಿಯಲ್ಲ,
ಯಾವುದಾದರೂ ಸರಿ ಎಂದರ್ಥ.
ಕಡತ ಪೂರಾ ಬೋಳು.
ಪ್ರತಿ ಇಟ್ಟುಕೊಂಡಿದ್ದೆ, ಬದುಕಿಕೊಂಡೆ.

ಮತ್ತೆ ಚೌಕ ಕಂಸದೊಳಗೆ ಮುಳ್ಳುಗಳನ್ನೆಲ್ಲ ಕೂಡಿಹಾಕಿದೆ.
ಈ ಸಲ ಜಿ ಮರೆತೆ;
ಸಾಲಿಗೊಂದೇ ಮುಳ್ಳು ಕಿತ್ತು
ಯಂತ್ರ ಕೈ ತೊಳೆದುಕೊಂಡಿತು.
ಸೇರಿಸಿದೆ. ಒತ್ತಿದೆ.
ಹಸನು ಮಾಡಿದ ಮೀನಿನಂತೆ
ಹೆಸರುಗಳು ಸಾಲಾಗಿ ಮಲಗಿದವು.
ಸಂಜೆ ಲಿಯೋನಿನ ಅಕ್ಕನಿಗೆ ಫೋನಿನಲ್ಲಿ ಜಂಬ ಕೊಚ್ಚಿದೆ.

ಗುರುವಾರ ಆಕೆ ಬಂದಳು,
ಮೂವತ್ತು ವರ್ಷ ಸಾರ್ಡೀನಿನ ತಲೆ ಕತ್ತರಿಸಿದ ಕೈಯಲ್ಲಿ
ನಮ್ಮದೇ ಕಾಗದ ಹಿಡಿದು.
"ಅಝೆನೋರ್ ಮಾರ್ಶದೂರ್, ಇದು ಯಾರು?"
ನೀವೇ ಅಲ್ಲವೇ, ಮೇಡಂ?
"ನಾನು ಮಾರ್ಕ್'ಹದೂರ್. ಸಿಗೂ ಹೆಚ್ಚಿಗೂ ನಡುವೆ
ಒಂದು ಕೊಕ್ಕೆ ಇತ್ತು. ಎಲ್ಲಿ?"

ಅದನ್ನು ಉದ್ಧರಣ ಚಿಹ್ನೆಯ ತುಂಡು ಎಂದುಕೊಂಡೆ, ಅಂದೆ.
ಬ್ರೆತೋನ್ ಬಾಯಲ್ಲಿ ಆ ಮೂರೂ ಸೇರಿ ಒಂದೇ ಅಕ್ಷರವಂತೆ.
"ಶಾಲೆಯಲ್ಲಿ ಅಮ್ಮನ ನಾಲಗೆಯಿಂದ ಕಿತ್ತರು,
ಕಾಗದದಲ್ಲಾದರೂ ಉಳಿದಿತ್ತು.
ನೆಗಡಿ ಬಂತೆಂದು ಮೂಗು ಕೊಯ್ದೆಯಲ್ಲೋ, ಮಗನೆ."

ಹಿಂದೆಮುಂದೆ ನೋಡದೆ ಅಳಿಸಿದ್ದೆ.
ಹಾಗೆ ನೋಡುವುದಕ್ಕೂ ಅದರಲ್ಲಿ ದಾರಿ ಇದೆ:
ಪ್ರಶ್ನಾರ್ಥಕದ ಜೊತೆ ಒಂದೆರಡು ಗುರುತು.
ಹಿಂದೆ ಸಿ ಇದೆಯೇ? ಮುಂದೆ ಹೆಚ್ ಇದೆಯೇ?
ಎರಡೂ ಇದ್ದರೆ ಮುಟ್ಟಬೇಡ.
ಇನ್ನೂರ ಹನ್ನೆರಡು ಹೆಸರಿಗೆ ಕೊಕ್ಕೆ ಮರಳಿತು.
ಒಂಬತ್ತಕ್ಕೆ ಇಲ್ಲ. ಯಾರೋ ಅಲ್ಲಿ
ನೆಟ್ಟಗಿನದರ ಬದಲು ಬಾಗಿದ ಕೊಕ್ಕೆ ಹಾಕಿದ್ದರು.
ಅವನ್ನು ಕೈಯಿಂದಲೇ ತಿದ್ದಿದೆ, ಊಟ ಬಿಟ್ಟು.

ಹೊಸ ಕಾಗದ ಕೊಟ್ಟಾಗ ಕನ್ನಡಕ ಏರಿಸಿ ನೋಡಿದಳು.
"ಬರೆಯುವುದಕ್ಕೆ ಬಂತು. ಈಗ ಕೂಗು."
ಮಾರ್ಕದೂರ್, ಅಂದೆ. ಮಾರ್ಹದೂರ್.
"ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಿದೆ ಅಂದುಕೋ."
ಕ್ಯಾಕರಿಸಿದೆ.
ಪಕ್ಕದ ಮೇಜಿನವಳು ನೀರು ತಂದುಕೊಟ್ಟಳು.