ಚಕಮಕಿ

ಕಾರ್ಲೈಲಿನ ಗ್ರಂಥಾಲಯದ ವ್ಯಾನು ನನ್ನದು.
ನನ್ನದೆಂದರೆ, ಸ್ಟಿಯರಿಂಗು ನನ್ನದು, ಡೀಸೆಲು ಕೌನ್ಸಿಲಿನದು.
ಗುರುವಾರ ಬ್ರ್ಯಾಂಪ್ಟನ್ನಿನಲ್ಲಿ
ಚರ್ಚಿನ ಗೋಡೆಗೊತ್ತಿ ನಿಲ್ಲಿಸಿ ಬಾಗಿಲು ತೆರೆದರೆ
ಮೊದಲು ಹತ್ತುತ್ತಿದ್ದವಳು ಮ್ಯೂರಿಯಲ್ ಹೆದರಿಂಗ್ಟನ್,
ಕೈಯಲ್ಲಿ ಮೊಂಡು ಪೆನ್ಸಿಲು.

ರಟ್ಟಿನ ಮೇಲೆ ಅವಳು ಅರಾಬೆಲ್ಲಾ ವೇನ್.
ನಲವತ್ತಮೂರು ಕಾದಂಬರಿ, ನಲವತ್ತಮೂರು ಡ್ಯೂಕುಗಳು,
ಎಲ್ಲರಿಗೂ ಮುಂಗೋಪ, ಒಬ್ಬನಿಗೂ ಬೊಕ್ಕತಲೆಯಿಲ್ಲ.
ಮೊದಲನೆಯದು ಬರೆದದ್ದು ಬಿಸ್ಕತ್ತು ಫ್ಯಾಕ್ಟರಿಯ ರಾತ್ರಿಪಾಳಿ ಮುಗಿಸಿ
ಕೂದಲಲ್ಲಿ ಸಕ್ಕರೆಪುಡಿ ಇರುವಾಗಲೇ.
ಒಳಕೋಣೆಯಲ್ಲಿ ಗಂಡ ವಿಲ್ಫ್ ಕೆಮ್ಮುತ್ತಿದ್ದ.
"ಅವನ ಕೆಮ್ಮು ನಿಂತಾಗೆಲ್ಲ ಪೆನ್ನು ನಿಲ್ಲಿಸಿ ಕಿವಿಗೊಡುತ್ತಿದ್ದೆ,
ಅದಕ್ಕೇ ನನ್ನ ಪ್ಯಾರಾಗಳು ಗಿಡ್ಡ" ಅಂದಿದ್ದಳು ಒಮ್ಮೆ,
ಹವಾಮಾನ ಹೇಳಿದ ಹಾಗೆ.

ಡ್ಯೂಕನ್ನು ಕಂಡವಳಲ್ಲ. ಕುಣಿದದ್ದು ಒಂದೇ ಸಲ,
ಫ್ಯಾಕ್ಟರಿಯ ಕ್ರಿಸ್‌ಮಸ್ಸಿಗೆ; ಬೂಟು ಕಚ್ಚುತ್ತಿತ್ತಂತೆ.
ಆದರೆ ಕೈಗವಸಿಗೆ ಎಷ್ಟು ಗುಂಡಿ,
ಸತ್ತ ಅಣ್ಣನಿಗೆ ಎಷ್ಟು ತಿಂಗಳು ಕಪ್ಪುಡುಗೆ,
ಕಣ್ಮುಚ್ಚಿ ಹೇಳುತ್ತಿದ್ದಳು.
ಅಂಥವಳು ಒಂಬತ್ತನೆಯ ಪುಸ್ತಕದಲ್ಲಿ ಎಡವಿದಳು.
ಇಸವಿ ೧೮೧೨. ಹಳೆ ಗಿರಣಿ, ಕಗ್ಗತ್ತಲು,
ನಾಯಕಿಯ ತುಟಿ ಒಂದು ಗೇಣು ದೂರ,
ಡ್ಯೂಕ್ ಬೆಂಕಿಕಡ್ಡಿ ಗೀರುತ್ತಾನೆ.
ಅದು ಹುಟ್ಟಲು ಇನ್ನೂ ಹದಿನಾಲ್ಕು ವರ್ಷವಿತ್ತು.
ಪೆನ್ರಿತ್‌ನ ನಿವೃತ್ತ ಮೇಷ್ಟ್ರೊಬ್ಬ ಕಾರ್ಡು ಬರೆದ, ಎರಡೇ ಸಾಲು.
ಮೆಚ್ಚಿ ಬಂದ ಕಾಗದಗಳೆಲ್ಲ ಎಲ್ಲಿ ಹೋದವೋ,
ಆ ಕಾರ್ಡು ಮಾತ್ರ ಅಡುಗೆಮನೆಯ ಗೋಡೆ ಬಿಡಲಿಲ್ಲ.

ಅಂದಿನಿಂದ ಈ ಪೆನ್ಸಿಲು.
ಪುಟ ನೂರಾ ಎಂಟು. ಬೆಂಕಿಕಡ್ಡಿಯನ್ನು ಹೊಡೆದು ಮೇಲೆ: ಚಕಮಕಿ.
ಸಿಕ್ಕ ಸಿಕ್ಕ ಪ್ರತಿಯಲ್ಲಿ, ಮೂವತ್ತೊಂದು ವರ್ಷ.
ನಾನು ಅತ್ತ ತಿರುಗಿ ತಾರೀಖಿನ ಮುದ್ರೆ ಸರಿಮಾಡುತ್ತಿದ್ದೆ.
"ಚಕಮಕಿ ಹತ್ತುವಷ್ಟರಲ್ಲಿ ಮುತ್ತು ಆರಿಹೋಗುತ್ತೆ, ಗೊತ್ತು.
ಆದರೆ ಸುಳ್ಳು ಸುಳ್ಳೇ, ಅಲ್ಲವಾ?"

ಮಾರ್ಚಿನಲ್ಲಿ ತೀರಿಕೊಂಡಳು. ಅಂದೂ ಗುರುವಾರ.

ಜೂನಿನಲ್ಲಿ ಆಲ್ಸ್ಟನ್ನಿನ ಯಾರದೋ ಮನೆ ಖಾಲಿ ಮಾಡುವಾಗ
ಒಂದು ಪ್ರತಿ ವಾಪಸು ಬಂತು, ಇಪ್ಪತ್ತೆರಡು ವರ್ಷ ತಡವಾಗಿ.
ಕೊನೆಯ ಪುಟದಲ್ಲಿ ಓದಿದವರ ಗುರುತುಗಳು,
ಮತ್ತೊಮ್ಮೆ ಒಯ್ಯಬಾರದೆಂದು ಮುದುಕಿಯರು ಹಾಕಿದವು:
ಒಂದು ಮೀನು, ಸೊನ್ನೆಯೊಳಗೊಂದು ಚುಕ್ಕಿ, ವಾರೆ ನಕ್ಷತ್ರ.
ನೂರಾ ಎಂಟು ತೆರೆದೆ.
ಕಡ್ಡಿ ಹಾಗೇ ಇದೆ. ಅವಳ ಕೈ ಇಲ್ಲಿಗೆ ತಲುಪಿಲ್ಲ.
ಪೆನ್ಸಿಲು ಚೂಪು ಮಾಡಿಕೊಂಡೆ.

ಅಂಚಿನಲ್ಲಿ, ನಡುಗುವ ಅಕ್ಷರದಲ್ಲಿ, ಯಾರೋ:
ಬೇಗ ಹಚ್ಚೋ ಮಾರಾಯ.

ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ
ದಪ್ಪಕ್ಷರದ ಕಪಾಟಿನ ಪಕ್ಕ, ವಿ ಸಾಲಿನಲ್ಲಿ, ಪುಸ್ತಕ ಇಟ್ಟೆ.